ಕನ್ನಗತ್ತರಿ

ತುಂಗಾ ಪಾನ ಅನ್ನುತ್ತಾರಲ್ಲ,
ನಾನು ಬಾಟಲಿ ಅದ್ದುವುದು ಆ ಪಾನಕ್ಕಿಂತ ತುಸು ಕೆಳಗೆ,
ಶಿವಮೊಗ್ಗದ ಚರಂಡಿ ಹೊಳೆಗೆ ಬಾಯಿಡುವಲ್ಲಿ.
ಮೀನು ತೊಳೆದ ನೀರು, ವಾರ್ಡು ತೊಳೆದ ನೀರು,
ಯಾರದೋ ಮದುವೆಯ ಪಾತ್ರೆ ತೊಳೆದ ನೀರು.
ಇದನ್ನೆಲ್ಲಿಗೆ ಒಯ್ತೀರಿ, ಕೇಳಿದ ಬಟ್ಟೆ ಒಗೆಯುವವ.
ಔಷಧಿಗೆ, ಅಂದೆ.
ಅವನು ಕೈಲಿದ್ದ ಕಂಬಳಿಯನ್ನು ಇನ್ನೂ ಜೋರಾಗಿ ಬಡಿದ.

ಹುಚ್ಚರಾಯಪ್ಪನ ಬಲಗಾಲಿನ ಕೀವು
ನನ್ನ ತಟ್ಟೆಯಲ್ಲಿ ಒಂದು ರಾತ್ರಿ ಕಳೆದು ಬಂಗಾರವಾಗಿತ್ತು.
ಉತ್ಪ್ರೇಕ್ಷೆಯಲ್ಲ, ಆ ಜೀವಿಯ ಹೆಸರಲ್ಲೇ ಬಂಗಾರವಿದೆ;
ಗುಂಡುಸೂಜಿಯ ತಲೆಯಷ್ಟು, ನಯ, ದುಂಡು.
ನಡುನಡುವೆ ಔಷಧಿ ಹೀರಿದ ಕಾಗದದ ಬಿಲ್ಲೆಗಳು.
ಬಿಲ್ಲೆಯ ಸುತ್ತ ಬಯಲು ಬಿದ್ದರೆ ಗೆದ್ದಂತೆ.
ಬೀಳಲಿಲ್ಲ.
ಬಿಲ್ಲೆಗೇ ಒರಗಿ ಕೂತಿತ್ತು,
ಕಟ್ಟೆ ಬಿಟ್ಟೇಳದ ಪಡ್ಡೆ ಹುಡುಗರ ಹಾಗೆ.
ರಿಪೋರ್ಟಿನಲ್ಲಿ ಬರೆದೆ: ಆರ್. ಆರ್. ಆರ್.
ಒಂಬತ್ತನೆಯದಕ್ಕೆ ಪೆನ್ನು ತಡೆಯಿತು. ಅದಕ್ಕೂ ಆರ್.
ಬಗ್ಗುವುದಿಲ್ಲ ಎಂಬುದಕ್ಕೆ ಡಾಕ್ಟರರ ಅಕ್ಷರ ಅದು.
ಹಳಗನ್ನಡದಲ್ಲಾದರೆ, ಯಾರು?
ಇನ್ಯಾರು, ಅಂತ ಓದಿಕೊಂಡೆ.

ಚರಂಡಿಯಲ್ಲಿದ್ದಾರೆ.
ಬ್ಯಾಕ್ಟೀರಿಯಾದಷ್ಟೇ ಹಳೆಯ ಕಳ್ಳರು, ಅದನ್ನಷ್ಟೇ ದೋಚುವ ವೈರಸ್ಸುಗಳು:
ಗೋಡೆಗೆ ಕಾಲೂರಿ, ಚುಚ್ಚಿ,
ಜಾತಕವನ್ನಷ್ಟೇ ಒಳಗೆ ಸುರಿದು
ಖಾಲಿ ಅಂಗಿಯನ್ನು ಹೊರಗೇ ಬಿಡುವವರು.
ಒಳಗೆ ಮರಿಗಳು ನೂರಾದ ಮೇಲೆ
ಹೊರಬೀಳಬೇಕಲ್ಲ,
ಅದಕ್ಕೆಂದೇ ಅಲ್ಲೇ ತಯಾರಾಗುತ್ತದೆ ಒಂದು ಕಿಣ್ವ, ಕನ್ನಗತ್ತರಿ.
ಕಳ್ಳ ಬೇಡ, ಅವನ ಕತ್ತರಿ ಸಾಕು ನಮಗೆ;
ಹೊರಗಿನಿಂದಲೂ ಕನ್ನ ಕೊರೆದೀತು, ಅನ್ನುತ್ತಾರೆ
ಶಕೀಲಾ ಮೇಡಂ, ಮೂರು ವರ್ಷದಿಂದ,
ಟೀ ತಣ್ಣಗಾಗುವವರೆಗೆ.

ಹುಚ್ಚರಾಯಪ್ಪ ಜಂಬಿಟ್ಟಿಗೆ ಕಡಿಯುವವನು,
ರಿಪ್ಪನ್‌ಪೇಟೆ ಕಡೆಯ ಕ್ವಾರಿಯಲ್ಲಿ.
ಕಲ್ಲು ಜಾರಿದ್ದು ಹೆಬ್ಬೆರಳ ಮೇಲಷ್ಟೇ,
ಮಿಕ್ಕದ್ದನ್ನು ಸಕ್ಕರೆ ಕಾಯಿಲೆ ನೋಡಿಕೊಂಡಿತು.
ಎಂಥಾ ಗೋಡೆ ತಂಗೀ ಅದು, ಕೇಳಿದ.
ಸಕ್ಕರೆಯ ಸರಪಳಿ, ಅಡ್ಡಕ್ಕೆ ಸಣ್ಣ ಬೆಸುಗೆ, ಅಂದೆ.
ಅಲ್ಲೂ ಸಕ್ಕರೆಯಾ?
ಔಷಧಿ ಚೀಟಿಯ ಬೆನ್ನಿಗೆ ಗೀಚಿ ತೋರಿಸಿದೆ. ಬಹಳ ಹೊತ್ತು ನೋಡಿದ.
"ಕಲ್ಲು ಒಡೀಬಾರದು, ಸಂದು ಬಿಡಿಸಬೇಕು.
ಒಳಗೆ ನೀರು ನಿಂತಿದ್ರೆ ಅದೇ ದಬ್ಬಿ ಕೆಡವ್ತದೆ.
ಮಳೆಗಾಲದಾಗೆ ಪಾಗಾರ ಬೀಳೋದು ಹಂಗೇ."
ಇದನ್ನೇ ಹೇಳಲು ಮೇಡಂಗೆ ನಲವತ್ತು ಸ್ಲೈಡು ಬೇಕು.

ಮಂಗಳವಾರ ಮಧ್ಯಾಹ್ನ. ಕೊಳವೆಯಲ್ಲಿ
ಅವನದೇ ಬಂಗಾರ ಕಲಸಿದ ನೀರು, ಅಂಬಲಿಯ ಮಂಕು.
ಬಿಟ್ಟದ್ದು ಅರ್ಧ ಹನಿ.
ಕೊಳವೆಯಾಚೆ ಗೋಡೆಯ ಕ್ಯಾಲೆಂಡರು.
ಏಳನೆಯ ನಿಮಿಷಕ್ಕೆ ಕಂಡಿತು
ಅಮಾವಾಸ್ಯೆಯ ಕಪ್ಪು ಬೊಟ್ಟು,
ಆಮೇಲೆ ತಾರೀಕು, ಆಮೇಲೆ ರಾಹುಕಾಲ,
ಕೊನೆಗೆ ಗ್ಯಾಸ್ ಏಜೆನ್ಸಿಯ ಫೋನ್ ನಂಬರು ಕೂಡ.
ಮೇಡಂ ಚಪ್ಪಲಿ ಬಿಟ್ಟು ಸ್ಟೂಲಿನ ಮೇಲೆ ಕೂತರು, ಮಾತಿಲ್ಲ.

ಆದರೆ ಇಲಿಗಳಿವೆ ಮೊದಲು.
ಸಮಿತಿಗಳಿವೆ, ಸಹಿಗಳಿವೆ.
ಕೊಳವೆಯಿಂದ ಕಾಲಿಗೆ ಹತ್ತು ವರ್ಷದ ದಾರಿ.
ಅದೇ ಮಂಗಳವಾರ, ನಮ್ಮ ನೆತ್ತಿಯ ಮೇಲಿನ ಮಹಡಿಯಲ್ಲಿ
ಮೊಣಕಾಲ ಕೆಳಗಿನದನ್ನು ತೆಗೆದರು.
ಕಾಲು ಹೋಯಿತು. ಕಾಲನ್ನು ತಿಂದದ್ದು ಇದೆ ನನ್ನ ಫ್ರೀಜರಿನಲ್ಲಿ,
ಸೊನ್ನೆಗಿಂತ ಎಂಬತ್ತು ಕೆಳಗೆ, ನೂರಾ ಹದಿನಾಲ್ಕನೇ ನಂಬರು.
ಕರೆಂಟು ಹೋದಾಗ ನಾನು ಮೊದಲು ಓಡುವುದು
ಅದು ಸುಖವಾಗಿದೆಯಾ ನೋಡಲು.

ಡಿಸ್ಚಾರ್ಜಿನ ದಿನ ವೀಲ್‌ಚೇರು
ಲ್ಯಾಬಿನ ಬಾಗಿಲಲ್ಲಿ ನಿಂತಿತು.
ತೋರ್ಸು ನೋಡಾಣ ಆ ಕತ್ತರಿ, ಅಂದ.
ಕೊಳವೆಯನ್ನು ಬೆಳಕಿಗೆ ಹಿಡಿದೆ.
ದಾರ ಇಳಿಬಿಟ್ಟು ಗೋಡೆ ನೋಡುವವನಂತೆ
ಒಂದು ಕಣ್ಣು ಮುಚ್ಚಿದ.
"ಏನೂ ಕಾಣಲ್ಲ ತಂಗೀ, ಹಿಂದಿನ ಕ್ಯಾಲೆಂಡರ್ ಬಿಟ್ರೆ.
ಹಾಳೆ ತಿರುಗಿಸೇ ಇಲ್ವಲ್ಲ ನೀವು,
ಆ ತಿಂಗಳು ಮುಗಿದು ಎಂಟು ದಿನ ಆತು."