ದಾರಿ ಬಿಡಿ ಎನ್ನಲಾಗದ ದೀಪ

ನನ್ನ ಕಾರಿನ ಮುಂಗಾಜಿನ ಹಿಂದೆ ಒಂದು ಹಸಿರು ದೀಪ,
ಅಂಗೈಯಗಲದ್ದು.
ಸಿಗರೇಟು ಹಚ್ಚುವ ತೂತಿನಿಂದ ಕರೆಂಟು ಕುಡಿಯುತ್ತದೆ.
ಇದನ್ನು ಹಚ್ಚಬಹುದೆಂದು ಮುಖ್ಯಸ್ಥರು ಸಹಿ ಹಾಕಿದ ಚೀಟಿ
ಪರ್ಸಿನೊಳಗೆ, ಚೀಸ್ ಕಾರ್ಖಾನೆಯ ಗುರುತಿನ ಕಾರ್ಡಿಗೆ ಅಂಟಿ
ಅರ್ಧ ಶಾಯಿ ಬಿಟ್ಟಿದೆ.

ನ್ಯೂಯಾರ್ಕ್ ರಾಜ್ಯದ ಈ ಉತ್ತರದ ತುದಿಯಲ್ಲೂ ನಿಯಮ ನಿಯಮವೇ.
ಕೆಂಪು ಅಂದರೆ ಅಪ್ಪಣೆ, ನೀವು ಬದಿಗೆ ಸರಿಯಲೇಬೇಕು.
ನೀಲಿ, ಊಟದ ತಟ್ಟೆ ಬಿಟ್ಟು ಬೆಂಕಿಯ ಕಡೆ ಓಡುವ ಸ್ವಯಂಸೇವಕನದು.
ಹಸಿರು, ರೋಗಿಯ ಕಡೆ ಓಡುವ ನಮ್ಮಂಥವರದು.
ನೀಲಿಗೂ ಹಸಿರಿಗೂ ಹಕ್ಕಿಲ್ಲ, ಬರೀ ಬಿನ್ನಹ.
ಬಿಟ್ಟರೆ ನಿಮ್ಮ ದೊಡ್ಡ ಮನಸ್ಸು;
ಬಿಡದಿದ್ದರೆ ನಿಮ್ಮ ಹಿಂದೆಯೇ ಹಲ್ಲು ಕಚ್ಚಿಕೊಂಡು ಬರಬೇಕು,
ಸಿಗ್ನಲ್ಲಿನಲ್ಲಿ ಎಲ್ಲರಂತೆ ನಿಲ್ಲಬೇಕು,
ಮಿನುಗುತ್ತಾ.
'ಕ್ರಿಸ್‌ಮಸ್‌ಗೆ ಇನ್ನೂ ತಿಂಗಳಿದೆಯಲ್ಲಮ್ಮ' ಅಂತ
ಪೆಟ್ರೋಲ್ ಬಂಕಿನಲ್ಲಿ ನಕ್ಕವರಿದ್ದಾರೆ.

ಇನ್ನು ಹಳದಿ.
ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.
ಕೆಟ್ಟು ನಿಂತ ಲಾರಿ ಎಳೆಯುವವರದು, ಕಂಬ ನೆಡುವವರದು,
ಹಿಮ ಬಾಚುವ ಆರಿನ್ ಲಿಂಡೇಕರನದು.
'ಇಲ್ಲಿದ್ದೇನೆ, ಡಿಕ್ಕಿ ಹೊಡೆಯಬೇಡಿ'
ಇಷ್ಟೇ ಅದರ ಮಾತು.

ಫೆಬ್ರವರಿಯ ಆ ರಾತ್ರಿ
ಸರೋವರದಿಂದ ಎದ್ದು ಬಂದ ಹಿಮ ಟಗ್ ಹಿಲ್ಲಿನ ಮೇಲೆ
ಏಳದೆ ಕೂತುಬಿಟ್ಟಿತು.
ಅಂಚೆಪೆಟ್ಟಿಗೆಗಳು ಮುಳುಗಿದವು, ಬೇಲಿ ಮುಳುಗಿತು,
ರಸ್ತೆ ಯಾವುದು ಹೊಲ ಯಾವುದು ದೇವರಿಗೇ ಗೊತ್ತು.
ಎರಡು ಹತ್ತಕ್ಕೆ ಕರೆ:
ಹಾಲು ಕರೆಯುವ ಲೀಲ್ಯಾಂಡ್ ವಿಡ್ರಿಕ್, ಬಾಯಿಯ ಒಂದು ಮಗ್ಗುಲು ಜೋತಿದೆ.
ತಂಗಿ ಫೋನಿನಲ್ಲಿ ಹೇಳುತ್ತಿದ್ದಳು,
'ಬಕೆಟ್ ಬಕೆಟ್ ಅನ್ನುತ್ತಾನೆ,
ಇಲ್ಲಿ ಯಾವ ಬಕೆಟ್ಟೂ ಇಲ್ಲ.'

ಹೇಗೋ ಹೋದೆವು, ಅವನನ್ನು ಎತ್ತಿಕೊಂಡೆವು.
ವಾಪಸು ಬರುವಾಗ ನಮ್ಮದೇ ಗಾಲಿಯ ಗುರುತು ಉಳಿದಿರಲಿಲ್ಲ.
ಥರ್ಜಾ ಚಕ್ರ ಹಿಡಿದಿದ್ದಳು, ನಾನು ಹಿಂದೆ, ಅವನ ಕೈ ಹಿಡಿದು.
ಮೈತುಂಬ ಕೆಂಪು ಹಚ್ಚಿಕೊಂಡು ನಿಂತಿತ್ತು ಆಂಬುಲೆನ್ಸು,
ಸೈರನ್ ಬಾಯಿ ಬಡಿದುಕೊಳ್ಳುತ್ತಿತ್ತು.
ಯಾರಿಗೆ? ದಾರಿಯಲ್ಲಿ ಒಂದು ನಾಯಿಯೂ ಇಲ್ಲ.
ಹಿಮಕ್ಕೆ ಕಾನೂನು ಓದಲು ಬರುವುದಿಲ್ಲ.
ಪಾರ್ಶ್ವವಾಯುವಿಗೆ ಗಡಿಯಾರವೊಂದೇ ಗೊತ್ತು.

ಆಗ ಹಿಂದಿನಿಂದ, ತಿರುವಿನಲ್ಲಿ, ಒಂದು ಹಳದಿ ಸುತ್ತಿತು.
ಆರಿನ್.
ನಮ್ಮ ಪಕ್ಕಕ್ಕೆ ಬಂದ, ಕೆಂಪು ಕಂಡ,
ಮೂವತ್ತು ವರ್ಷದ ರೂಢಿ,
ಲಾರಿಯನ್ನು ಬಲಕ್ಕೆ ಒತ್ತಿ, ಮರ್ಯಾದೆಯಿಂದ ನಿಂತುಬಿಟ್ಟ.
ಪುಣ್ಯಾತ್ಮ!
ಥರ್ಜಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದಳು:
'ಬದಿಗೆ ಅಲ್ಲ ಕಣೋ, ಮುಂದೆ! ಮುಂದೆ ಹೋಗು!'

ಹನ್ನೊಂದು ಮೈಲಿ.
ಅವನ ಬ್ಲೇಡಿನ ಹಿಂದೆ ಒಂದು ಗಾಡಿಯಗಲದ ಕಪ್ಪು ಡಾಂಬರು
ತೆರೆಯುತ್ತಿತ್ತು, ನಮ್ಮ ಹಿಂದೆ ಮತ್ತೆ ಮುಚ್ಚುತ್ತಿತ್ತು.
ಥರ್ಜಾ ಸೈರನ್ ನಿಲ್ಲಿಸಿದಳು.
ಲೀಲ್ಯಾಂಡನ ಉಸಿರು ಎಣಿಸುತ್ತಾ ಕೂತೆ ನಾನು,
ನಡುವೆ ಎಲ್ಲೋ ಎಣಿಕೆ ತಪ್ಪಿತು, ಮತ್ತೆ ಒಂದರಿಂದ.

ಮಾರ್ಚಿನಲ್ಲಿ ಕಾಫಿಗೆ ಸಿಕ್ಕಾಗ ಆರಿನ್ ಅಂದ:
'ಹಾರಿದ ಹಿಮ ಮುಂದೆ ಜೇನುಬಣ್ಣ, ಹಿಂದೆ
ಬೀಟ್‌ರೂಟ್ ತೊಳೆದ ನೀರಿನ ಬಣ್ಣ.
ಕೆಂಪು ಹಿಂದೆ ಬಂದರೆ ದಾಟಿಹೋಗುತ್ತದೆ ಯಾವಾಗಲೂ.
ಅವತ್ತು ದಾಟಲಿಲ್ಲ.
ಅಷ್ಟು ಚಳಿಯಲ್ಲೂ ಬೆನ್ನು ಬೆವರಿತು.'
ಬಿಲ್ಲು ನಾನು ಕೊಡುತ್ತೇನೆಂದರೆ ಒಪ್ಪಲಿಲ್ಲ.

ವರ್ಷದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ: ದಾರಿಯ ಹಕ್ಕು ಯಾರದು?
ಕೆಂಪಿನದು ಎಂದೇ ಬರೆದೆ. ಅಂಕ ಬಂತು,
ಹೊಸ ಚೀಟಿ ಬಂತು.

ಲೀಲ್ಯಾಂಡ್ ಈಗ ಕೋಲೂರಿ ನಡೆಯುತ್ತಾನೆ.
ಕೆಲವು ಮಾತು ಮರಳಿವೆ, ಕೆಲವು ಅದಲುಬದಲು,
ಚಮಚಕ್ಕೆ ಮಂಗಳವಾರ ಅನ್ನುತ್ತಾನೆ.
ಬೆಳಗಿನ ಜಾವ ಕಿಟಕಿಯ ಮೇಲೆ ಹಳದಿ ಸುತ್ತಿ ಹೋದರೆ
ಎದ್ದು ಕೂತು, ಬೆರಳು ಚಾಚಿ,
'ಬಕೆಟ್' ಅನ್ನುತ್ತಾನೆ.
ತಂಗಿ ತಿದ್ದುವುದಿಲ್ಲ.