ಮೈನಸ್ ನೂರಿಪ್ಪತ್ತೈದು

ಮೂವತ್ತೊಂದು ವರ್ಷ ಗಾಳಿ ಎಳೆಯುವುದೇ ನನ್ನ ಕಸುಬು.
ಲಕ್ಕಸಂದ್ರದಲ್ಲಿ ಮೆಟ್ಟಿಲ ಕೆಳಗೊಂದು ಅಂಗಡಿ,
ಫುಟ್‌ಪಾತಿನ ಮೇಲೆ ಬಾಗಿಲು ಕಳಚಿದ ಫ್ರಿಜ್ಜುಗಳು.
ಗ್ಯಾಸು ತುಂಬುವ ಮುಂಚೆ ಪೈಪಿನೊಳಗಿನದ್ದೆಲ್ಲ ಎಳೆದುಬಿಡಬೇಕು,
ಹುಡುಗರಿಗೆ ಬೈದು ಬೈದು ಕಲಿಸಿದ್ದೇನೆ:
ಒಂದು ಹನಿ ತೇವ ಉಳಿಯಿತೋ, ಒಳಗೇ ಹೆಪ್ಪುಗಟ್ಟಿ
ದಾರಿ ಕಟ್ಟುತ್ತದೆ.

ನನ್ನ ಹಿಮ್ಮಡಿಯಲ್ಲಿ ಉಳಿದದ್ದು ಒಂದು ಸ್ಕ್ರೂ.
ಚಪ್ಪಲಿ ತೂತು ಮಾಡಿಕೊಂಡು ಇಡೀ ಮಂಗಳವಾರ ಅಲ್ಲೇ ಇತ್ತಂತೆ.
ಸಂಜೆ ಚಿಕ್ಕತಾಯಿ ನೆಲದ ಮೇಲಿನ ಹೆಜ್ಜೆ ನೋಡಿ
"ಎಲ್ಲಿ ತುಳ್ದ್ರಿ ಕುಂಕುಮಾನ?" ಅಂದಳು.
ಹದಿನಾಲ್ಕು ವರ್ಷದ ಸಕ್ಕರೆ; ಕಾಲಿಗೆ ಕಿವುಡು.

ಕೊಳೆತದ್ದನ್ನು ಕೆರೆದ ಮೇಲೆ ಡಾಕ್ಟರಮ್ಮ ತೋರಿಸಿದರು:
ಕಪ್ಪು ಸ್ಪಂಜು, ಮೇಲೊಂದು ತೆಳು ಪ್ಲಾಸ್ಟಿಕ್ಕು, ನಳಿಗೆ,
ಟಿಫಿನ್ ಡಬ್ಬಿಯಷ್ಟು ಮಿಷನ್ನು.
"ಮೈನಸ್ ನೂರಿಪ್ಪತ್ತೈದರಲ್ಲಿ ಇಡ್ತೀವಿ."
ಮನಸ್ಸಿನಲ್ಲೇ ಇಂಚಿಗೆ ತಿರುಗಿಸಿದೆ, ಐದೂ ಆಗಲಿಲ್ಲ, ನಕ್ಕುಬಿಟ್ಟೆ.
ಈ ಊರಿನ ಎತ್ತರದಲ್ಲೂ ನನ್ನ ಪಂಪು ಇಪ್ಪತ್ತಾರು ಎಳೆಯುತ್ತೆ ಮೇಡಂ.
"ಎಳೀಬಹುದು ಪಿಳ್ಳಪ್ಪ. ಮಾಂಸ ತಾಮ್ರ ಅಲ್ಲ."

ಚಿಕ್ಕತಾಯಿ ಹಾಲಿನ ಕಾರ್ಡಿನ ಹಿಂದೆ ಬರೆದುಕೊಂಡಳು:
ಬಾಡಿಗೆ ದಿನಕ್ಕೆ ಸಾವಿರದೆಂಟುನೂರು,
ಸ್ಪಂಜು ಮೂರು ದಿನಕ್ಕೊಂದು, ಒಂದಕ್ಕೆ ನಾಲ್ಕೂವರೆ,
ರಸ ತುಂಬುವ ಡಬ್ಬಿ ಬೇರೆ.
ಪಕ್ಕದಲ್ಲಿ, ಬರೀ ಗಾಜು ಬಟ್ಟೆ, ಉಪ್ಪುನೀರು: ಇನ್ನೂರು.
ಆದರೆ ಎಷ್ಟು ತಿಂಗಳು? ಆಟೋ? ಮುಚ್ಚಿದ ಶಟರಿನ ಬಾಡಿಗೆ?
"ವಾಸಿ ಆಗುತ್ತಾ ಅಮ್ಮಾ, ಇದ್ರಲ್ಲಿ?"
"ಬೇಗ ಆಗಬಹುದು. ಆಗೇ ಆಗುತ್ತೆ ಅಂತ ಬರೆದುಕೊಡಲಾರೆ."
ನನಗೆ ಆ ಮಾತು ಹಿಡಿಸಿತು.
ಕಂಪ್ರೆಸರಿಗೆ ಗ್ಯಾರಂಟಿ, ಗ್ಯಾಸಿಗಿಲ್ಲ ಅಂತ
ನಾನೂ ಎಷ್ಟು ಜನಕ್ಕೆ ಹೇಳಿಲ್ಲ.

ಪಕ್ಕದ ಮಂಚದಲ್ಲಿ ಅಂತೋಣಿರಾಜು, ತೊಡೆಯಲ್ಲಿ ಗಾಯ.
ಅವನಿಗೆ ಮಿಷನ್ನಿಲ್ಲ.
ಸಿಸ್ಟರ್ ಫ್ಲಾವಿಯಾ ಸ್ಪಂಜು ಕತ್ತರಿಸಿ, ಬೇಯಿಸಿ, ಮೂಗಿನ ನಳಿಗೆ ಸೇರಿಸಿ
ಗೋಡೆಯ ಸಕ್ಷನ್ನಿಗೇ ಕಟ್ಟಿದ್ದಾರೆ. ಎಲ್ಲ ಸೇರಿ ಆರುನೂರಂತೆ.
ನನ್ನದು ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ,
ಅವನದು ಬಚ್ಚಲ ತೂತಿನ ಹಾಗೆ.

ಐದನೇ ರಾತ್ರಿ ನನ್ನ ಡಬ್ಬಿ ಕೂಗಿಕೊಂಡಿತು: ಲೀಕು.
ಹುಡುಗಿಯೊಬ್ಬಳು ಬಂದು ಅಲ್ಲಿ ಇಲ್ಲಿ ಒತ್ತಿದಳು; ನಿಲ್ಲಲಿಲ್ಲ.
"ದೀಪ ಆರಿಸಮ್ಮ, ಫ್ಯಾನು ನಿಲ್ಲಿಸು, ಒಂದು ನಿಮಿಷ ಮಾತಾಡಬೇಡಿ ಎಲ್ಲರೂ."
ಇಡೀ ವಾರ್ಡು ಉಸಿರು ಹಿಡಿಯಿತು.
ಹೊಸೂರು ರಸ್ತೆಯ ಲಾರಿಗಳ ಕೆಳಗೆ, ತೀರಾ ಕೆಳಗೆ,
ಸೂಜಿ ಸೀನಿದಂಥ ಸದ್ದು,
ಕಣಕಾಲಿನ ಮಡಿಕೆಯಲ್ಲಿ.
ಬೆರಳಿಟ್ಟೆ. ಕೂಗು ನಿಂತಿತು.
ಸ್ವಂತ ಮೈಯ ರಿಪೇರಿಗೆ ಯಾರಾದರೂ ಕೂಲಿ ಕೊಡುತ್ತಾರೆಯೇ?
ಅಂತೋಣಿರಾಜು ಕತ್ತಲಲ್ಲೇ ಕೇಳಿದ: "ಅಣ್ಣಾ, ನಂದೂ ಒಸಿ ನೋಡ್ತೀಯಾ?"

ಮೂರನೇ ಸ್ಪಂಜಿಗೆ ನನ್ನ ದೊಡ್ಡ ಪಂಪು ಹೋಯಿತು,
ಎಸ್.ಪಿ. ರೋಡಿನವನು ಒಂಬತ್ತು ಸಾವಿರಕ್ಕೆ ಮುರಿದುಕೊಂಡ.
ಗಾಳಿ ಎಳೆಯುವುದನ್ನು ಮಾರಿ ಗಾಳಿ ಎಳೆಯುವುದಕ್ಕೆ ಬಾಡಿಗೆ ಕಟ್ಟಿದೆ.
ಈ ಮಾತು ಚಿಕ್ಕತಾಯಿಗೆ ಹೇಳಿದರೆ ನಗುತ್ತಾಳೆ ಅಂದುಕೊಂಡಿದ್ದೆ.

ಒಂಬತ್ತನೇ ದಿನ ದುಡ್ಡೂ ಮುಗಿಯಿತು, ಸ್ಪಂಜೂ ಬಿಚ್ಚಿದರು.
ಬಿಡಿಸಿದ ದಾಳಿಂಬೆಯಂತೆ ಕೆಂಪಗೆ, ಕಾಳುಕಾಳಾಗಿ
ನಾನು ಕಾಣದ ನಾನು.
ಸಿಸ್ಟರು ಕಾಗದದ ಸ್ಕೇಲಿಟ್ಟು ಓದಿದರು:
ಆರಿದ್ದದ್ದು ನಾಲ್ಕು, ಅಗಲ ಎರಡೂವರೆ, ಮೂಳೆ ಮುಚ್ಚಿದೆ.
ಅಂತೋಣಿರಾಜುವಿನದೂ ಹೆಚ್ಚುಕಮ್ಮಿ ಅಷ್ಟೇ ಕುಗ್ಗಿತ್ತು.
ಅವನಿಗೆ ಇಪ್ಪತ್ತಾರು ವಯಸ್ಸು, ಸಕ್ಕರೆಯಿಲ್ಲ;
ಒಂದೇ ತಕ್ಕಡಿಗೆ ಹಾಕುವ ಹಾಗಿಲ್ಲ, ಅಂದರು ಡಾಕ್ಟರಮ್ಮ.
ನಾನಂತೂ ಹಾಕಿ ನೋಡಿದೆ.

ಮಿಷನ್ನು ಹೆಂಗಸರ ವಾರ್ಡಿಗೆ ಹೋಯಿತು.
ಆ ರಾತ್ರಿ ನಿದ್ದೆ ಹತ್ತಲಿಲ್ಲ,
ಮನೆಯಲ್ಲಿ ಫ್ರಿಜ್ಜು ಸದ್ದು ನಿಲ್ಲಿಸಿದಾಗ ಎಚ್ಚರವಾಗುತ್ತದಲ್ಲ, ಹಾಗೆ.
ಚಿಕ್ಕತಾಯಿ ಸ್ಟೂಲಿನ ಮೇಲೆ ಕೂತು
ಹಾಲಿನ ಕಾರ್ಡು ತಿರುವಿ, ಮೂವತ್ತೊಂದು ಸಾವಿರದ ಒಂಬೈನೂರನ್ನು
ಸೆಂಟಿಮೀಟರಿನಿಂದ ಭಾಗಿಸಹೊರಟಳು.
ಗೆರೆ ಎಳೆದಳು. ಮೇಲೊಂದು ಅಂಕಿ ಬರೆದಳು.
ಪೆನ್ನಿನ ಮುಚ್ಚಳ ಹುಡುಕತೊಡಗಿದಳು.