ಸ್ಕಾರ್ತ್ ಬಂದರಿನ ವಿಚಾರಣೆ

ಮೀನುಗಾರರ ಸಭಾಂಗಣದಲ್ಲಿ ವಿಚಾರಣೆ.
ಒದ್ದೆ ಉಣ್ಣೆಯ ವಾಸನೆ, ಉರಿಯಲೊಲ್ಲದ ಕಲ್ಲಿದ್ದಲ ಒಲೆ,
ಕಿಟಕಿಯಾಚೆ ನಾರ್ಥಂಬರ್ಲೆಂಡಿನ ಬೂದಿ ಬಣ್ಣದ ಕಡಲು
ಏನೂ ಕಂಡಿಲ್ಲವೆನ್ನುವ ಸಾಕ್ಷಿಯ ಹಾಗೆ ಕೂತಿದೆ.
ಬರೆದುಕೊಳ್ಳುವ ಗುಮಾಸ್ತ ರೋಲೆಂಡ್ ಟಿಂಡಲ್,
ಹತ್ತೊಂಬತ್ತರ ಹುಡುಗ.
ಕಿವಿಗೆ ಬಿದ್ದದ್ದು ಕೈಗೆ; ನಡುವೆ ತಲೆಗೆ ಕೆಲಸವಿಲ್ಲ.

‘ಹಗ್ಗ ಫಾಸ್ಟ್ ಇತ್ತೇ?’ ಕೇಳಿದರು ಅಧಿಕಾರಿ.
‘ಫಾಸ್ಟ್ ಇತ್ತು ಸ್ವಾಮಿ,’ ಅಂದ ಮುದುಕ ಆಬ್ ಡಾಡ್ಸ್,
‘ಕಂಬಕ್ಕೆ ನಾನೇ ಬಿಗಿದದ್ದು, ಮೂರು ಸುತ್ತು.
ಆಮೇಲೆ ದೋಣಿ ಹೋದದ್ದೂ ಫಾಸ್ಟೇ.’
ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.
ಅಲ್ಲಾಡದೆ ನಿಂತದ್ದಕ್ಕೂ ಆ ಮಾತೇ,
ಕಣ್ಣು ಮಿಟುಕಿಸುವುದರೊಳಗೆ ಕಾಣೆಯಾದದ್ದಕ್ಕೂ ಅದೇ.
ರೋಲೆಂಡ್ ಎರಡು ಸಲ ಬರೆದ.
ಎರಡೂ ಒಂದೇ ಥರ ಕಂಡವು.

ನಮ್ಮಲ್ಲಿ ‘ಹೆಚ್ಚು’ ಅಂದ ಹಾಗೆ.
ಈಳಿಗೆಯ ಮುಂದೆ ಅಂದರೆ ಕತ್ತರಿಸು,
ಎಲೆಯ ಮುಂದೆ ಅಂದರೆ ಇನ್ನಷ್ಟು.
ಆದರೆ ನಮ್ಮ ಹೆಚ್ಚಿಗೆ ಹೆಚ್ಚೆಂದರೆ ಒಂದು ಬೆರಳು ಕೊಯ್ದೀತು;
ಅಲ್ಲಿ ಹೋದದ್ದು ಒಬ್ಬ ಮನುಷ್ಯ,
ಕತ್‌ಬರ್ಟ್ ಆರ್ಕಲ್, ನಲವತ್ತಮೂರು,
ದೋಣಿಯೊಳಗೇ ನಿದ್ದೆ ಹೋಗಿದ್ದವನು.

ಬಂದರು ಮಂಡಳಿಯ ಕಾಗದ ಓದಿದರು:
‘ಆ ರಾತ್ರಿಯ ಸರಪಳಿ: ಸ್ಟ್ರೇಕರರ ಓವರ್‌ಸೈಟ್.’
‘ಅಂದರೆ? ಅವರು ನೋಡಿಕೊಳ್ಳುತ್ತಿದ್ದರೋ,
ನೋಡದೆ ಬಿಟ್ಟರೋ?’
ಅಧಿಕಾರಿ ಕನ್ನಡಕ ತೆಗೆದು ಒರೆಸಿದರು.
ಕಾಗದ ಬರೆದಾತ ತನ್ನ ಬೂಟು ನೋಡಿಕೊಂಡ.
ಸ್ಟ್ರೇಕರ್ ಎದ್ದು ನಿಂತ, ಟೋಪಿ ಕೈಯಲ್ಲಿ.
‘ಎರಡೂ,’ ಅಂದ. ಕೂತ.

ಆಗ ಎಡ್ನಾ ಆರ್ಕಲ್ ನಕ್ಕಳು.
ಆ ನಗು ದಾಖಲೆಯಲ್ಲಿಲ್ಲ;
ರೋಲೆಂಡನ ಪೆನ್ಸಿಲ್ಲಿನ ಮೊನೆ ಅಷ್ಟರಲ್ಲಿ ಮುರಿದಿತ್ತಂತೆ.

ಮನೆಗೆ ಬಂದು ಡಸ್ಟ್ ಮಾಡಿದಳು.
ಅವನ ಪೈಪಿಟ್ಟ ಹಲಗೆಯ ಮೇಲಿನ ಧೂಳು ತೆಗೆದಳು,
ದುಃಖ ಕೇಳಲು ಬರುವವರಿಗೆಂದು ಸುಟ್ಟ ಕೇಕಿನ ಮೇಲೆ
ಸಕ್ಕರೆ ಪುಡಿ ಉದುರಿಸಿದಳು. ಅದಕ್ಕೂ ಡಸ್ಟ್.
ಅದೇ ಕೈ, ಅದೇ ಮಧ್ಯಾಹ್ನ.
ವಿಮೆಯವನು ಬಂದು ಮೆಲ್ಲಗೆ ಕೇಳಿದ:
‘ಏನೇನು ಲೆಫ್ಟ್, ಮಿಸೆಸ್ ಆರ್ಕಲ್?’
‘ಅವನು ಲೆಫ್ಟ್. ಹೋದ.
ನಾನು ಲೆಫ್ಟ್. ಇದ್ದೇನೆ.
ಎರಡನ್ನೂ ಒಂದೇ ಖಾನೆಯಲ್ಲಿ ಬರೆದುಕೊ, ಮಗು.’

ಶನಿವಾರ ಸ್ಟ್ರೇಕರ್ ಬಂದ, ಹೆಗಲ ಮೇಲೆ ಕೊಡಲಿ.
ಬಾಗಿಲು ತಟ್ಟಲಿಲ್ಲ.
ಹಿತ್ತಲಲ್ಲಿ ಬಿದ್ದಿದ್ದ ಎಲ್ಮ್ ಕೊರಡುಗಳನ್ನು ಸೀಳಿ
ಗೋಡೆಗೆ ಒಟ್ಟಿ, ಹೋದ.
ಮುಂದಿನ ಶನಿವಾರವೂ. ಅದರ ಮುಂದಿನದೂ.
ಚಳಿಗಾಲವಿಡೀ ಅವನು ಸೀಳಿದ,
ಅವಳು ಅಗುಳಿ ಹಾಕಿದ ಬಾಗಿಲ ಹಿಂದೆ ಎಣಿಸಿದಳು,
ಒಂದೊಂದು ಏಟನ್ನೂ.

ಮದುವೆಯ ದಿನ ಪಾದ್ರಿ ಓದಿದ್ದ ಮಾತು:
ಗಂಡನು ಹೆಂಡತಿಗೆ ಕ್ಲೀವ್ ಆಗಿರಲಿ, ಅಂಟಿಕೊಂಡಿರಲಿ.
ಸೌದೆ ಸೀಳುವುದಕ್ಕೂ ಅಪ್ಪ ಅದೇ ಮಾತು ಅನ್ನುತ್ತಿದ್ದ;
ಅವಳಿಗೆ ಎಂದೂ ಹೊಳೆದಿರಲಿಲ್ಲ.
ಇಪ್ಪತ್ತು ವರ್ಷ ಆ ಮಾತನ್ನು ಹಿಡಿಯ ಕಡೆಯಿಂದಲೇ ಹಿಡಿದಿದ್ದಳು.

ಮಾರ್ಚಿಯಲ್ಲೊಂದು ಶನಿವಾರ
ಏಟು ಅರ್ಧಕ್ಕೇ ನಿಂತಿತು. ಗೇಟಿನ ಸದ್ದು. ಅಷ್ಟೇ.
ಅಗುಳಿ ತೆಗೆದು ಹೊರಗೆ ಬಂದಳು.
ಗಂಟುಗಂಟಾದ ಕೊರಡಿನಲ್ಲಿ
ಕೊಡಲಿ ಬುಡದವರೆಗೂ ಇಳಿದು ನಿಂತಿತ್ತು.
ಎಳೆದಳು.
ಕಾಲು ಕೊಟ್ಟು ಎಳೆದಳು.
ಸೀಳಲು ಬಂದದ್ದು ಕಚ್ಚಿಕೊಂಡಿತ್ತು.
‘ಫಾಸ್ಟ್,’ ಅಂದಳು, ಯಾರಿಗೂ ಅಲ್ಲ.

ಮಳೆ ಬರುವ ಹಾಗಿತ್ತು.
ಹಿಡಿ ನೆನೆದು ಕೆಡಬಾರದೆಂದು
ಗೂಟದಲ್ಲಿದ್ದ ಕತ್‌ಬರ್ಟನ ಮಳೆಕೋಟು ತಂದು
ಅದಕ್ಕೆ ಹೊದಿಸಿ
ತೋಳುಗಳೆರಡನ್ನೂ ಮುಂದೆ ತಂದು ಗಂಟು ಹಾಕಿದಳು,
ಮೂರು ಸುತ್ತು.